ತೆರೆಯ ಮುಂದಿನ ಕಣ್ಣೀರು



ಸಿನಿಮಾ ನೋಡುತ್ತ ನೀವು ಎಂದಾದರೂ ಅತ್ತಿದ್ದೀರಾ? ಕಾಲೇಜಿನ ಸಭೆಯಲ್ಲಿ ಈ ಪ್ರಶ್ನೆ ಕೇಳಿದರೆ ಮೊದಲು ನಗು ಕೇಳಿಸುತ್ತದೆ. ಆಮೇಲೆ ಒಂದೆರಡು ಕೈಗಳು ಅರ್ಧಕ್ಕೆ ಏಳುತ್ತವೆ, ಪಕ್ಕದವರನ್ನು ನೋಡಿ ಮತ್ತೆ ಇಳಿಯುತ್ತವೆ. ಅಳುವುದು ಎಲ್ಲರಿಗೂ ಗೊತ್ತು, ಒಪ್ಪಿಕೊಳ್ಳುವುದಕ್ಕೆ ಸಂಕೋಚ. ‘ಅದು ಬರೀ ಸಿನಿಮಾ ಅಲ್ಲವೇ’ ಎಂಬ ಒಂದು ಮಾತು ಆ ಕಣ್ಣೀರನ್ನು ಸುಳ್ಳು ಮಾಡಿಬಿಡುತ್ತದೆ.

ಹಾಗಾದರೆ ಆ ಕಣ್ಣೀರು ಸುಳ್ಳೇ? ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಬೆಂಗಳೂರಿನ ಪಶ್ಚಿಮ ಭಾಗಕ್ಕೆ ಬನ್ನಿ. ಕಥೆಗಾಗಿ ಅತ್ತ ಜನ ಆಮೇಲೆ ಏನು ಮಾಡಿದರು ಎಂಬುದರ ಇತಿಹಾಸ ಇಲ್ಲಿ, ರಾಜಾಜಿನಗರದ ಆಸುಪಾಸಿನ ಕೆಲವೇ ಕಿಲೋಮೀಟರುಗಳ ಒಳಗೆ, ಕಣ್ಣಿಗೆ ಕಾಣುವಂತಿದೆ.

ಮೊದಲು ಸ್ವಲ್ಪ ವಿಜ್ಞಾನ. ಬಿ.ಎಸ್ಸಿ. ಓದಿ ಟೆಲಿವಿಷನ್ನಿಗೆ ಬಂದವನ ಅಭ್ಯಾಸಬಲ, ಸಹಿಸಿಕೊಳ್ಳಿ. ನಮ್ಮ ಕಣ್ಣಿನಲ್ಲಿ ಮೂರು ಬಗೆಯ ಕಣ್ಣೀರು ಉಂಟಾಗುತ್ತದೆ. ಒಂದು, ಕಣ್ಣನ್ನು ಸದಾ ತೇವವಾಗಿಡುವ ತೆಳುವಾದ ಪೊರೆಯಂಥ ನೀರು. ಎರಡನೆಯದು ಧೂಳು ಬಿದ್ದಾಗ, ಈರುಳ್ಳಿ ಹೆಚ್ಚಿದಾಗ ಬರುವಂಥದು. ಮೂರನೆಯದು ಭಾವನೆಯ ಕಣ್ಣೀರು. ಈ ಮೂರನೆಯದನ್ನು ಸುರಿಸುವ ಗ್ರಂಥಿಗೆ, ಎದುರಿಗೆ ಇರುವುದು ನಿಜವಾದ ಸಾವೋ ನಟನೆಯ ಸಾವೋ ಎಂಬ ವ್ಯತ್ಯಾಸ ತಿಳಿಯದು. ಗಂಟಲು ಕಟ್ಟುತ್ತದೆ, ಎದೆ ಬಡಿತ ಏರುಪೇರಾಗುತ್ತದೆ. ಕಥೆ ಕಲ್ಪಿತವಾಗಿರಬಹುದು, ಶರೀರದಲ್ಲಿ ನಡೆಯುವುದು ಕಲ್ಪಿತವಲ್ಲ.

ನಮ್ಮ ಹಿಂದಿನವರು ಇದನ್ನು ಬೇರೆ ದಾರಿಯಿಂದ ಕಂಡುಕೊಂಡಿದ್ದರು. ಭರತನ ನಾಟ್ಯಶಾಸ್ತ್ರದ ಪ್ರಕಾರ ಶೋಕವೆಂಬ ಸ್ಥಾಯಿಭಾವ ರಂಗದ ಮೇಲೆ ಕರುಣರಸವಾಗುತ್ತದೆ. ಸ್ವಂತ ದುಃಖ ನಮ್ಮನ್ನು ಕುಗ್ಗಿಸುತ್ತದೆ. ರಂಗದ ದುಃಖವನ್ನು ನಾವು ಆಸ್ವಾದಿಸುತ್ತೇವೆ. ಅದು ಯಾರೊಬ್ಬರ ದುಃಖವೂ ಆಗಿರದೆ ಎಲ್ಲರದೂ ಆಗಿರುತ್ತದೆ ಎಂದು ಮುಂದಿನ ಮೀಮಾಂಸಕರು ವಿವರಿಸಿದರು. ಆದರೆ ಆ ಮಹನೀಯರು ಮನಸ್ಸಿನಲ್ಲಿಟ್ಟುಕೊಂಡಿದ್ದ ಪ್ರೇಕ್ಷಕ ನಾಟಕ ಮುಗಿದ ಮೇಲೆ ಶಾಂತನಾಗಿ ಮನೆಗೆ ಹೋಗುವ ಸಹೃದಯ. ನವರಂಗ್ ಚಿತ್ರಮಂದಿರದ ಗೇಟಿನಲ್ಲಿ ನಾಯಕನ ಆಳೆತ್ತರದ ಕಟೌಟಿಗೆ ಹಾಲೆರೆಯುವ ಪ್ರೇಕ್ಷಕನನ್ನು ಅವರು ಕಂಡಿರಲಿಲ್ಲ.

ರಾಜಾಜಿನಗರ ಬೆಳೆದದ್ದು ಕೈಗಾರಿಕಾ ಬಡಾವಣೆಯಾಗಿ. ಕಾರ್ಖಾನೆಯ ಪಾಳಿ ಮುಗಿಸಿ ಬಂದವರಿಗೆ ನವರಂಗ್, ಮಾಗಡಿ ರಸ್ತೆಯ ಪ್ರಸನ್ನ, ವೀರೇಶ್ ಇವೇ ಸಂಜೆಯ ತಾಣಗಳು. ಹೊಸ ಚಿತ್ರಗಳಿಗೆ ಮೆಜೆಸ್ಟಿಕ್ಕಿನ ಕೆಂಪೇಗೌಡ ರಸ್ತೆಗೆ ಹೋಗಬೇಕಿತ್ತು. 1972ರಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ ಅಲ್ಲಿ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಆ ಚಿತ್ರ ನೋಡಿ ಪಟ್ಟಣದಿಂದ ಹಳ್ಳಿಗೆ ಮರಳಿ ಬೇಸಾಯಕ್ಕೆ ಇಳಿದ ಯುವಕರ ಕಥೆಯನ್ನು ನಿಮ್ಮ ಅಜ್ಜ ಹೇಳಿರಬಹುದು. ಆ ಮಾತನ್ನು ನಾನು ನಂಬುತ್ತೇನೆ. ಆದರೆ ವಿಜ್ಞಾನದ ವಿದ್ಯಾರ್ಥಿಗೆ ಎಣಿಸಬಹುದಾದ ಪುರಾವೆಯೊಂದು ಬೇಕಲ್ಲವೇ? ಆ ವಿಷಯಕ್ಕೆ ಆಮೇಲೆ ಬರೋಣ.

1981ರ ನವೆಂಬರ್ 1ರಂದು ಬೆಂಗಳೂರಿನಲ್ಲಿ ದೂರದರ್ಶನದ ಪ್ರಸಾರ ಆರಂಭವಾಯಿತು. ಕಣ್ಣೀರಿನ ಇತಿಹಾಸದಲ್ಲಿ ಇದೊಂದು ಮುಖ್ಯ ತಿರುವು ಎಂದು ನನ್ನ ಅಭಿಪ್ರಾಯ. ಚಿತ್ರಮಂದಿರದಲ್ಲಿ ನೀವು ಕತ್ತಲೆಯಲ್ಲಿ, ಅಪರಿಚಿತರ ನಡುವೆ ಅಳುತ್ತೀರಿ, ಯಾರೂ ನೋಡುವುದಿಲ್ಲ. ಟೆಲಿವಿಷನ್ ಮುಂದೆ ಟ್ಯೂಬ್‌ಲೈಟಿನ ಬೆಳಕಿನಲ್ಲಿ, ತಂಗಿ ಕೀಟಲೆ ಮಾಡುತ್ತಿರುವಾಗ ಅಳಬೇಕು. ವಿಜಯನಗರ, ಬಸವೇಶ್ವರನಗರಗಳ ವಠಾರಗಳಲ್ಲಂತೂ ಒಂದು ಮನೆಯ ಪೆಟ್ಟಿಗೆ ಹತ್ತು ಮನೆಯವರದು. 1987ರ ಜನವರಿಯಲ್ಲಿ ‘ರಾಮಾಯಣ’ ಆರಂಭವಾದ ಮೇಲೆ ಭಾನುವಾರ ಬೆಳಿಗ್ಗೆ ಬೀದಿಗಳು ಬಿಕೋ ಎನ್ನುತ್ತಿದ್ದವು. ಚಪ್ಪಲಿಗಳು ಬಾಗಿಲಾಚೆ ಸಾಲುಗಟ್ಟುತ್ತಿದ್ದವು. ಪೆಟ್ಟಿಗೆಗೆ ಹೂವೇರಿಸಿ ಊದುಬತ್ತಿ ಹಚ್ಚಿದ ಮನೆಗಳೂ ಇದ್ದವು.

ಇನ್ನೊಂದು ವ್ಯತ್ಯಾಸವನ್ನು ಕ್ಯಾಮರಾದ ಹಿಂದೆ ನಿಲ್ಲುವ ನಮ್ಮಂಥವರು ಬೇಗ ಗುರುತಿಸುತ್ತೇವೆ. ಬೆಳ್ಳಿತೆರೆಯ ಮೇಲೆ ನಾಯಕನ ಮುಖ ಮನೆಯಷ್ಟು ದೊಡ್ಡದು. ಅವನು ದೇವರ ಹಾಗೆ. ಟೆಲಿವಿಷನ್ನಿನಲ್ಲಿ ಆ ಮುಖ ಹೆಚ್ಚುಕಡಿಮೆ ನಮ್ಮ ಮುಖದಷ್ಟೇ ಇರುತ್ತದೆ, ಎದುರು ಕುರ್ಚಿಯಲ್ಲಿ ಕೂತವರ ಅಂತರದಲ್ಲಿರುತ್ತದೆ, ನಿಮ್ಮ ಕಣ್ಣಿಗೆ ಕಣ್ಣಿಟ್ಟು ‘ನಮಸ್ಕಾರ’ ಎನ್ನುತ್ತದೆ. 1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ಅಮೆರಿಕನ್ ವಿದ್ವಾಂಸರು ಇದನ್ನೇ ಕುರಿತು ಒಂದು ಪ್ರಬಂಧ ಬರೆದರು. ರೇಡಿಯೋ, ಟೆಲಿವಿಷನ್, ಸಿನಿಮಾಗಳ ವ್ಯಕ್ತಿಗಳೊಡನೆ ವೀಕ್ಷಕನಿಗೆ ದೂರದಿಂದಲೇ ಒಂದು ಆಪ್ತ ಸಂಬಂಧ ಬೆಳೆಯುತ್ತದೆ, ಆದರೆ ಅದು ಏಕಮುಖ ಎಂಬುದು ಅವರ ವಾದ. ನೀವು ಅವರನ್ನು ಬಲ್ಲಿರಿ, ಅವರು ನಿಮ್ಮನ್ನು ಅರಿಯರು.

ಕನ್ನಡಿಗರು ಈ ಏಕಮುಖ ಸಂಬಂಧಕ್ಕೆ ನಂಟಿನ ಹೆಸರಿಟ್ಟುಬಿಟ್ಟರು. ರಾಜ್‌ಕುಮಾರ್ ‘ಅಣ್ಣಾವ್ರು’ ಆದರು. ಅವರ ಮಗ ಪುನೀತ್ ಎಲ್ಲರ ಮನೆಯ ‘ಅಪ್ಪು’. ಅಣ್ಣಾವ್ರೂ ಸುಮ್ಮನಿರದೆ ಪ್ರೇಕ್ಷಕರನ್ನು ‘ಅಭಿಮಾನಿ ದೇವರುಗಳು’ ಎಂದರು. ಹೀಗಾಗಿ ಅಮೆರಿಕದ ವಿದ್ವಾಂಸರು ಏಕಮುಖವೆಂದದ್ದು ನಮ್ಮಲ್ಲಿ, ಮಾತಿನ ಮಟ್ಟಿಗಾದರೂ, ಎರಡು ಕಡೆಯ ವ್ಯವಹಾರವಾಯಿತು. ನಂಟು ಎಂದ ಮೇಲೆ ಕರ್ತವ್ಯವೂ ಬಂತು. ಸತ್ತಾಗ ಮುಖ ನೋಡಬೇಕು, ಹಿಡಿ ಮಣ್ಣು ಹಾಕಬೇಕು.

2006ರ ಏಪ್ರಿಲ್ 12ರಂದು ಮಧ್ಯಾಹ್ನ ರಾಜ್‌ಕುಮಾರ್ ತೀರಿಕೊಂಡರು. ಪಾರ್ಥಿವ ಶರೀರವನ್ನು ಕಂಠೀರವ ಕ್ರೀಡಾಂಗಣಕ್ಕೆ ತಂದರು. ಮರುದಿನ ಅಂತ್ಯಕ್ರಿಯೆ ಕಂಠೀರವ ಸ್ಟುಡಿಯೋದಲ್ಲಿ. ಹೆಸರು ಒಂದೇ ಆದರೂ ಎರಡೂ ಬೇರೆ ಎಂಬುದನ್ನು ಗಮನಿಸಿ. ಕ್ರೀಡಾಂಗಣ ನಗರದ ನಡುವೆ ಇದೆ. ಸ್ಟುಡಿಯೋ ಪಶ್ಚಿಮದಲ್ಲಿ, ರಾಜಾಜಿನಗರ ದಾಟಿ ಗೊರಗುಂಟೆಪಾಳ್ಯದ ಕಡೆಗೆ. ಆ ಎರಡು ದಿನಗಳಲ್ಲಿ ನಗರ ಹೊತ್ತಿ ಉರಿಯಿತು. ಬಸ್ಸುಗಳಿಗೆ ಬೆಂಕಿ, ಕಲ್ಲು ತೂರಾಟ, ಅಶ್ರುವಾಯು, ಗೋಲಿಬಾರ್. ಪೊಲೀಸ್ ಸಿಬ್ಬಂದಿಯೊಬ್ಬರೂ ಸೇರಿದಂತೆ ಹಲವರು ಪ್ರಾಣ ಕಳೆದುಕೊಂಡರು. ಕಿಡಿಗೇಡಿಗಳ ಕೃತ್ಯ ಎಂಬ ಮಾತು ಆಗ ಕೇಳಿಬಂತು. ಕಿಡಿಗೇಡಿಗಳು ಇದ್ದರು, ನಿಜ. ಆದರೆ ಮುಖ ನೋಡಲು ಬಂದು, ನೋಡಲಾಗದೆ, ನೂಕುನುಗ್ಗಲಿನಲ್ಲಿ ಲಾಠಿ ಏಟು ತಿಂದ ಸಾಮಾನ್ಯರೂ ಅಲ್ಲಿದ್ದರು. ಅವರ ದುಃಖಕ್ಕೆ ಹರಿದುಹೋಗಲು ದಾರಿಯನ್ನು ಯಾರೂ ಮಾಡಿರಲಿಲ್ಲ. ಹಾಗೆಂದು ಆ ಸಾವುಗಳನ್ನು ಯಾವ ದುಃಖವೂ ಸಮರ್ಥಿಸಲಾರದು.

ಅದೇ ಗಲಭೆಯ ದಿನಗಳಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆಯಿತು. ರಾಜ್‌ಕುಮಾರ್ ಅವರ ಕಣ್ಣುಗಳು ದಾನವಾದವು. ಇದರ ಮೂಲ 1994ರಲ್ಲಿದೆ. ರಾಜಾಜಿನಗರದ ಕಾರ್ಡ್ ರಸ್ತೆಯಲ್ಲಿರುವ ನಾರಾಯಣ ನೇತ್ರಾಲಯದಲ್ಲಿ ಡಾ. ರಾಜ್‌ಕುಮಾರ್ ಹೆಸರಿನ ನೇತ್ರಬ್ಯಾಂಕನ್ನು ಸ್ವತಃ ಅವರೇ ಆ ವರ್ಷ ಉದ್ಘಾಟಿಸಿದರು. ಅಂದೇ ತಮ್ಮ ಇಡೀ ಕುಟುಂಬದ ಕಣ್ಣುಗಳನ್ನು ದಾನ ಮಾಡುವುದಾಗಿ ಮಾತು ಕೊಟ್ಟರು. ಅದನ್ನು ಕುಟುಂಬ ಉಳಿಸಿಕೊಂಡಿತು. 2006ರಲ್ಲಿ ಅವರದು, 2017ರಲ್ಲಿ ಪಾರ್ವತಮ್ಮನವರದು.

2021ರ ಅಕ್ಟೋಬರ್ 29. ಪುನೀತ್ ಹೃದಯಾಘಾತದಿಂದ ತೀರಿಕೊಂಡಾಗ ವಯಸ್ಸು ಕೇವಲ 46. ಟೆಲಿವಿಷನ್ ಮುಂದೆ ಕೂತಿದ್ದ ಎಷ್ಟೋ ಮಂದಿಗೆ ನೆನಪಾದದ್ದು ‘ಬೆಟ್ಟದ ಹೂವು’ ಚಿತ್ರದ ಹುಡುಗ ರಾಮು. ರಾಷ್ಟ್ರಪ್ರಶಸ್ತಿ ತಂದುಕೊಟ್ಟ 1985ರ ಆ ಚಿತ್ರವನ್ನು ನೀವು ನೋಡಿರದಿದ್ದರೆ ನೋಡಿ. ಕಾಡಿನ ಹೂ ಮಾರಿ ಕಾಸು ಕೂಡಿಡುವ ಬಡ ಹುಡುಗನಿಗೆ ಕುವೆಂಪು ಅವರ ರಾಮಾಯಣ ಕೊಳ್ಳುವ ಆಸೆ. ಕೊನೆಗೆ ಆ ಹಣದಲ್ಲಿ ಮನೆಯವರಿಗಾಗಿ ಕಂಬಳಿ ಕೊಂಡು ಬರುತ್ತಾನೆ. ಈ ಹುಡುಗನನ್ನು ಮಕ್ಕಳಾಗಿದ್ದಾಗ ನೋಡಿದವರು ಅವನ ಜೊತೆಗೇ ದೊಡ್ಡವರಾಗಿದ್ದರು.

ಈ ಸಲ ಆಡಳಿತ 2006ನ್ನು ಮರೆತಿರಲಿಲ್ಲ. ಮದ್ಯದಂಗಡಿಗಳನ್ನು ಮುಚ್ಚಿಸಲಾಯಿತು. ಅಂತ್ಯಕ್ರಿಯೆಯನ್ನು ಆತುರದಲ್ಲಿ ಮುಗಿಸದೆ 31ರ ಬೆಳಗಿನ ಜಾವದವರೆಗೆ ಕಾದರು. ಕ್ರೀಡಾಂಗಣದಲ್ಲಿ ಹಗಲು ರಾತ್ರಿ ಸಾಲು ಸಾಗಿತು, ಲಕ್ಷಾಂತರ ಜನ ಮುಖ ನೋಡಿದರು. ಕುಟುಂಬದವರು ಶಾಂತಿ ಕಾಪಾಡಲು ಬೇಡಿಕೊಂಡರು. ನವೆಂಬರ್ 9ರಂದು ಅರಮನೆ ಮೈದಾನದಲ್ಲಿ ಅಭಿಮಾನಿಗಳಿಗೆ ಅನ್ನಸಂತರ್ಪಣೆಯನ್ನೂ ಮಾಡಿದರು. ಸಾವಿನ ಮನೆಗೆ ಬಂದವರಿಗೆ ನಂಟರಂತೆ ಎಲೆ ಹಾಕಿ ಬಡಿಸಿದ ಹಾಗಾಯಿತು. ನಗರ ಉರಿಯಲಿಲ್ಲ. ಎಲ್ಲವೂ ಸುಗಮವಾಗಿತ್ತು ಎಂದಲ್ಲ. ಆಘಾತ ತಾಳಲಾರದೆ ಕೆಲವು ಅಭಿಮಾನಿಗಳು ಸಾವಿಗೀಡಾದ ವರದಿಗಳು ಬಂದವು. ತಮಗೂ ಹಾಗಾದೀತೆಂಬ ಭಯದಿಂದ ಎದೆ ಪರೀಕ್ಷೆಗೆ ಜಯದೇವ ಆಸ್ಪತ್ರೆಗೆ ಮುಗಿಬಿದ್ದ ಜನರನ್ನು ಸಮಾಧಾನಪಡಿಸುವುದು ವೈದ್ಯರಿಗೆ ಒಂದು ಕೆಲಸವೇ ಆಯಿತು.

ಇತ್ತ ರಾಜಾಜಿನಗರದಲ್ಲಿ ನಡೆದದ್ದನ್ನು ವಿಜ್ಞಾನದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ನೇತ್ರದಾನ ಎಂದರೆ ಇಡೀ ಕಣ್ಣನ್ನು ಇನ್ನೊಬ್ಬರಿಗೆ ಜೋಡಿಸುವುದಲ್ಲ. ಕಪ್ಪು ಗುಡ್ಡೆಯ ಮುಂದೆ ಗಡಿಯಾರದ ಗಾಜಿನಂತೆ ಕೂತಿರುವ ಕಾರ್ನಿಯಾ ಎಂಬ ಪಾರದರ್ಶಕ ಪೊರೆಯನ್ನು ಮಾತ್ರ ಕಸಿ ಮಾಡುತ್ತಾರೆ. ಎಡುವರ್ಡ್ ಜಿರ್ಮ್ ಎಂಬ ವೈದ್ಯರು 1905ರಲ್ಲಿ ಇದನ್ನು ಮೊದಲ ಬಾರಿಗೆ ಯಶಸ್ವಿಯಾಗಿ ಮಾಡಿದ್ದರು. ಕಾರ್ನಿಯಾಕ್ಕೆ ರಕ್ತನಾಳಗಳಿಲ್ಲ. ಆದ್ದರಿಂದಲೇ ಬೇರೆಯವರ ಕಾರ್ನಿಯಾವನ್ನು ನಮ್ಮ ದೇಹ ಸುಲಭವಾಗಿ ತಿರಸ್ಕರಿಸುವುದಿಲ್ಲ. ಅದಕ್ಕೆ ಬೇಕಾದ ಆಮ್ಲಜನಕ ಹೊರಗಿನ ಗಾಳಿಯಿಂದ, ನಾವು ಮೊದಲು ಹೇಳಿದ ಆ ತೆಳುವಾದ ಕಣ್ಣೀರಿನ ಪೊರೆಯ ಮೂಲಕ ಸಿಗುತ್ತದೆ.

ಸಾಮಾನ್ಯವಾಗಿ ಎರಡು ಕಣ್ಣುಗಳಿಂದ ಇಬ್ಬರಿಗೆ ದೃಷ್ಟಿ. ಆದರೆ ಕೆಲವು ರೋಗಿಗಳಲ್ಲಿ ಕಾರ್ನಿಯಾದ ಮೇಲ್ಪದರ ಮಾತ್ರ, ಇನ್ನು ಕೆಲವರಲ್ಲಿ ಒಳಪದರ ಮಾತ್ರ ಕೆಟ್ಟಿರುತ್ತದೆ. ಡಾ. ಭುಜಂಗ ಶೆಟ್ಟಿ ನೇತೃತ್ವದ ನಾರಾಯಣ ನೇತ್ರಾಲಯದ ವೈದ್ಯರು ಪುನೀತ್ ಅವರ ಒಂದೊಂದು ಕಾರ್ನಿಯಾವನ್ನೂ ಎರಡು ಪದರಗಳಾಗಿ ಬಿಡಿಸಿ, ಮೇಲ್ಪದರವನ್ನು ಇಬ್ಬರಿಗೆ, ಒಳಪದರವನ್ನು ಇನ್ನಿಬ್ಬರಿಗೆ ಮರುದಿನವೇ ಕಸಿ ಮಾಡಿದರು. ಹೀಗೆ ನಾಲ್ವರು ಯುವಜನರಿಗೆ ದೃಷ್ಟಿ ಬಂತು. ಕ್ರೀಡಾಂಗಣದಲ್ಲಿ ಸಾಲು ಇನ್ನೂ ಕರಗಿರಲಿಲ್ಲ.

ಸುದ್ದಿ ಪ್ರಸಾರವಾಯಿತು. ಆಮೇಲಿನ ದಿನಗಳಲ್ಲಿ ನೇತ್ರದಾನದ ವಾಗ್ದಾನಪತ್ರಗಳಿಗೆ ಸಹಿ ಹಾಕುವವರ ಸಂಖ್ಯೆ ರಾಜ್ಯದಾದ್ಯಂತ ಹಿಂದೆಂದೂ ಕಾಣದಷ್ಟು ಏರಿತು. ಊರೂರುಗಳಲ್ಲಿ ಅಭಿಮಾನಿ ಸಂಘಗಳು ಶಿಬಿರ ನಡೆಸಿದವು. ವಾಗ್ದಾನ ಮಾತ್ರವಲ್ಲ, ನಿಜವಾಗಿ ದಾನವಾದ ಕಣ್ಣುಗಳೂ ಹೆಚ್ಚಿದವು. ಇದು ಎಣಿಸಬಹುದಾದ ಪುರಾವೆ. ಒಂದೊಂದು ಕಣ್ಣಿಗೂ ನೇತ್ರಬ್ಯಾಂಕಿನಲ್ಲಿ ದಾಖಲೆ ಇರುತ್ತದೆ. ಕಟೌಟಿಗೆ ಹಾಲೆರೆದ ಕೈಗಳೇ ಸಹಿ ಹಾಕಿದ್ದನ್ನು ಕಂಡಾಗ ನಮ್ಮಲ್ಲಿ ಅಭಿಮಾನಿಗಳ ಬಗ್ಗೆ ಮೂಗು ಮುರಿಯುವವರು ಸ್ವಲ್ಪ ಮೌನವಾದರು. ಆದದ್ದು ಒಳ್ಳೆಯದೇ.

2006ರ ದುಃಖಕ್ಕಿಂತ 2021ರ ದುಃಖ ಕಡಿಮೆಯಿತ್ತೇ? ನಾನು ಹಾಗೆ ತಿಳಿದಿಲ್ಲ. ಈ ಸಲ ದುಃಖಕ್ಕೆ ಮಾಡಲೊಂದು ಕೆಲಸವಿತ್ತು, ಆ ಕೆಲಸಕ್ಕೆ 1994ರಿಂದಲೇ ಬಾಗಿಲು ತೆರೆದಿತ್ತು.

ಇನ್ನೊಂದು ವಿಷಯ. ಕಾರ್ಡಿಗೆ ಸಹಿ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಸಾವಿನ ಹೊತ್ತಿನಲ್ಲಿ ನಿರ್ಧರಿಸುವವರು ಹತ್ತಿರದ ಬಂಧುಗಳು. ಅವರು ಒಪ್ಪದಿದ್ದರೆ ಸಹಿ ಇದ್ದೂ ದಾನವಾಗದು, ಒಪ್ಪಿದರೆ ಸಹಿ ಇಲ್ಲದೆಯೂ ಆದೀತು. ಕನ್ನಡಕ ಹಾಕುವವರು, ಪೊರೆಯ ಶಸ್ತ್ರಚಿಕಿತ್ಸೆ ಆದವರು, ಸಕ್ಕರೆ ಕಾಯಿಲೆ ಇರುವವರು ಕೂಡ ಕಣ್ಣು ಕೊಡಬಹುದು. ಸಾವಿನ ನಂತರ ಆರು ಗಂಟೆಗಳ ಒಳಗೆ ಕಣ್ಣನ್ನು ಸಂಗ್ರಹಿಸಬೇಕಾದ್ದರಿಂದ ತಡಮಾಡದೆ ನೇತ್ರಬ್ಯಾಂಕಿಗೆ ತಿಳಿಸಬೇಕು. ಅಲ್ಲಿನವರು ಬರುವವರೆಗೆ ಮೃತರ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆಯ ಕೆಳಗೆ ದಿಂಬು ಕೊಡಬೇಕು. ಕೋಣೆಯ ಫ್ಯಾನನ್ನು ನಿಲ್ಲಿಸಬೇಕು. ಕಣ್ಣೀರು ನಿಂತ ಮೇಲೆ ಕಾರ್ನಿಯಾ ಬೇಗ ಒಣಗುತ್ತದೆ.