‘ನರ ಹಿಡಿದುಕೊಂಡಿದೆ’: ಫಿಸಿಯೋಥೆರಪಿ ಶಿಕ್ಷಣ ಮತ್ತು ರೋಗಿಯ ಕನ್ನಡ

‘ನರ ಹಿಡಿದುಕೊಂಡಿದೆ’ ಎಂದು ರೋಗಿ ಹೇಳುತ್ತಾರೆ. ಅಂಗರಚನಾಶಾಸ್ತ್ರದಲ್ಲಿ ನರವೆಂದರೆ ಸಂವೇದನೆ ಮತ್ತು ಚಲನೆಯ ಸಂಕೇತಗಳನ್ನು ಒಯ್ಯುವ ತಂತು ಮಾತ್ರ. ಆಡುಮಾತಿನ ನರದಲ್ಲಿ ಸ್ನಾಯುವನ್ನು ಮೂಳೆಗೆ ಬಿಗಿಯುವ ಕಂಡರವೂ ಚರ್ಮದಡಿ ಉಬ್ಬಿದ ರಕ್ತನಾಳವೂ ಸೇರಿವೆ. ಕೈನೋವು ಭುಜದ್ದೂ ಆಗಬಹುದು, ಬೆರಳಿನದೂ ಆಗಬಹುದು. ಹಳೆ ಮೈಸೂರಿನವರ ಮಂಡಿ, ಸೊಂಟ ಧಾರವಾಡದ ಕಡೆ ಮೊಳಕಾಲು, ಟೊಂಕ. ಜೋಮು, ಮರಗಟ್ಟುವುದು, ಸೆಳೆತ, ಉಳುಕು, ಉರಿ: ಇವು ಒಂದೇ ನೋವಿನ ಬೇರೆ ಬೇರೆ ಹೆಸರುಗಳಲ್ಲ. ಜೋಮು ಹಿಡಿದಿದೆಯೆಂದವರಲ್ಲಿ ನರದ ಒತ್ತಡವನ್ನೂ ಉಳುಕಿದೆಯೆಂದವರಲ್ಲಿ ಕೀಲಿನ ಪೆಟ್ಟನ್ನೂ ಮೊದಲು ಹುಡುಕಬೇಕಾಗುತ್ತದೆ.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಫಿಸಿಯೋಥೆರಪಿ ಸ್ನಾತಕ ಪದವಿ (ಬಿಪಿಟಿ) ಬಹುಕಾಲ ನಾಲ್ಕು ವರ್ಷದ ಓದು ಮತ್ತು 6 ತಿಂಗಳ ಇಂಟರ್ನ್‌ಶಿಪ್ ಆಗಿತ್ತು. ಪಾಠ, ಪರೀಕ್ಷೆ ಇಂಗ್ಲಿಷಿನಲ್ಲಿ. ಚಿಕಿತ್ಸೆ ಮಾತ್ರ ಬಹುಪಾಲು ಕನ್ನಡದಲ್ಲಿ. ಈ ಅಂತರ ಬರೀ ಸೌಜನ್ಯದ ಪ್ರಶ್ನೆಯಲ್ಲ, ಅಳತೆಯ ನಿಖರತೆಯ ಪ್ರಶ್ನೆ ಎಂಬುದು ನನ್ನ ವಾದ.

ಸ್ನಾಯುಬಲವನ್ನು 0ಯಿಂದ 5ರವರೆಗೆ ಗುರುತಿಸುವ ಶ್ರೇಣಿಯನ್ನೇ ನೋಡೋಣ. ಎರಡನೇ ಮಹಾಯುದ್ಧದಲ್ಲಿ ನರಕ್ಕೆ ಪೆಟ್ಟುಬಿದ್ದ ಸೈನಿಕರಿಗಾಗಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಇದನ್ನು ರೂಪಿಸಿತು. ಗುರುತ್ವಕ್ಕೆ ಎದುರಾಗಿ ಅಂಗ ಎತ್ತಿದರೆ 3. ಪರೀಕ್ಷಕರ ಒತ್ತಡವನ್ನೂ ತಾಳಿದರೆ 4 ಅಥವಾ 5. ಇಲ್ಲಿ ‘ತಳ್ಳಿ’ ಎಂದರೆ ರೋಗಿ ಕಾಲು ಚಾಚುತ್ತಾರೆ, ಪರೀಕ್ಷೆಯೇ ಬೇರೆಯಾಗುತ್ತದೆ. ‘ನಾನು ಅದುಮುತ್ತೇನೆ, ನೀವು ಬಿಟ್ಟುಕೊಡಬೇಡಿ’ ಎಂದರೆ ಮಾತ್ರ ಹಿಡಿದಿಡುವ ಶಕ್ತಿ ಗೊತ್ತಾಗುವುದು. ವಾಕ್ಯ ತಪ್ಪಿದರೆ ಗಟ್ಟಿಯಿರುವ ಸ್ನಾಯುವಿಗೂ ಕಡಿಮೆ ಅಂಕ ಬೀಳುತ್ತದೆ, ಆ ಅಂಕದ ಮೇಲೆಯೇ ವ್ಯಾಯಾಮ ನಿಗದಿಯಾಗುತ್ತದೆ.

ಚಿಕಿತ್ಸೆಯ ಗುರಿಯೂ ಭಾಷೆಯೊಳಗೇ ಇದೆ. ಕುರ್ಚಿಗೆ ಮಂಡಿ ಸುಮಾರು 90 ಡಿಗ್ರಿ ಮಡಚಿದರೆ ಸಾಕು. ಕುಕ್ಕರುಗಾಲಿಗೆ 120 ಡಿಗ್ರಿಯೂ ಸಾಲದು. ‘ಕೂರೋಕೆ ಆಗ್ತಿಲ್ಲ’ ಎಂದ ಅಜ್ಜಿಯನ್ನು ಎಲ್ಲಿ, ಹೇಗೆ ಕೂರಬೇಕಮ್ಮ ಎಂದು ಕೇಳದ ವಿದ್ಯಾರ್ಥಿ, ಕೀಲಿನ ಕೋನ ಅಳೆಯುವ ಗೋನಿಯೋಮೀಟರನ್ನು ಎಷ್ಟೇ ಸರಿಯಾಗಿ ಹಿಡಿದರೂ ಅವರ ತೊಂದರೆಯನ್ನು ಅಳೆದಿರುವುದಿಲ್ಲ.

2021ರ ಕಾಯ್ದೆಯಿಂದ ಫಿಸಿಯೋಥೆರಪಿಯೂ ಸೇರಿದಂತೆ ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗ ಬಂದಿದೆ. ಪಠ್ಯಕ್ರಮ ದೇಶಕ್ಕೆಲ್ಲ ಒಂದೇ ಆಗಲಿ. ಆದರೆ ಪ್ರಾಯೋಗಿಕ ಪರೀಕ್ಷೆಯ ಒಂದು ಭಾಗವಾದರೂ ರೋಗಿಯ ಭಾಷೆಯಲ್ಲಿ ನಡೆಯಲೇಬೇಕು. ಭಾಷಾ ಪತ್ರಿಕೆಯೊಂದನ್ನು ಪಾಸು ಮಾಡಿದ ಮಾತ್ರಕ್ಕೆ ರೋಗಿಯೊಡನೆ ಹೀಗೆ ಮಾತಾಡುವುದು ಬರುವುದಿಲ್ಲ. ಮುಖ್ಯ ದೂರನ್ನು ರೋಗಿಯ ಮಾತಿನಲ್ಲೇ ದಾಖಲಿಸಬೇಕೆಂದು ನಾವೇ ಪಾಠ ಮಾಡುತ್ತೇವೆ, ಕೇಸ್ ಶೀಟಿನಲ್ಲಿ ಇಂಗ್ಲಿಷ್ ಬರೆಸುತ್ತೇವೆ. ಆ ಒಂದು ಸಾಲನ್ನು ಇಂಟರ್ನ್‌ಶಿಪ್ಪಿನ ಮೊದಲ ದಿನದಿಂದಲೇ ಕನ್ನಡದಲ್ಲಿ ಬರೆಸಬಹುದು.