ಎಂಟು ಪೌಂಡಿನ ಬೇಸ್ ಗಿಟಾರ್

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ನಮ್ಮೆಲ್ಲರ ಬಾಯಲ್ಲೂ ಇದೆ. ಸಂಗೀತ ಕಲಿಯುವ ಮಕ್ಕಳು ತಮ್ಮ ವಾದ್ಯದ ಮೇಲೆ ದೂರು ತಂದಾಗ ಈ ಗಾದೆಯನ್ನು ಹೇಳಿ ನಾವು ಕೈತೊಳೆದುಕೊಳ್ಳುವುದುಂಟು. ಆದರೆ ನೆಲ ನಿಜವಾಗಿಯೂ ಡೊಂಕಾಗಿದ್ದರೆ ಕುಣಿಯುವವಳು ಏನು ಮಾಡಬೇಕು? ಕಳೆದ ಶತಮಾನದಲ್ಲಿ ಈ ಪ್ರಶ್ನೆಗೆ ತಮ್ಮ ಕೈಯಿಂದಲೇ ಉತ್ತರ ಕೊಟ್ಟ ಕೆಲವರಿದ್ದಾರೆ. ಅವರು ನುಡಿಸಿದ ವಾದ್ಯ ಬೇಸ್ ಗಿಟಾರ್.

ಇದು ನಮ್ಮ ಮಾಸಪತ್ರಿಕೆಗೆ ತಕ್ಕ ವಿಷಯವೇ ಎಂದು ಹಿರಿಯ ಓದುಗರು ಹುಬ್ಬೇರಿಸಬಹುದು. ನಮ್ಮ ಸಂಘದ ವೇದಿಕೆಯಲ್ಲಿ ವೀಣೆ, ಪಿಟೀಲು, ಹಾರ್ಮೋನಿಯಮ್‌ಗಳಿಗೆ ಇರುವ ಸ್ಥಾನ ಗಿಟಾರಿಗೆ ಇಲ್ಲ ಎಂಬುದು ನಿಜ. ಆದರೆ ಮಾಟುಂಗದಲ್ಲಾಗಲಿ ಡೊಂಬಿವಲಿಯಲ್ಲಾಗಲಿ ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಈ ವಾದ್ಯದ ಮಾತು ಬರುತ್ತಲೇ ಇರುತ್ತದೆ. ಒಳ್ಳೆಯದನ್ನು ಕೊಡಿಸಲು ಕೈಯಲ್ಲಿ ಅಷ್ಟು ಹಣವಿಲ್ಲ. ಅಗ್ಗದ್ದನ್ನು ಕೊಡಿಸಿದರೆ ದುಡ್ಡು ನೀರುಪಾಲಾದೀತೆಂಬ ಭಯ. ಈ ಇಬ್ಬಂದಿಯಲ್ಲಿ ಎಷ್ಟೋ ಮಕ್ಕಳ ಆಸೆ ಕಮರಿಹೋಗುತ್ತದೆ. ತೀರ್ಮಾನಕ್ಕೆ ಬರುವ ಮೊದಲು ಈ ವಾದ್ಯದ ಇತಿಹಾಸವನ್ನು ಒಮ್ಮೆ ನೋಡುವುದು ಲೇಸು.

ರಿಪೇರಿಗಾರನ ಕೂಸು

ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕೇ ತಂತಿ. ಅವುಗಳ ದನಿ ಮಾಮೂಲು ಗಿಟಾರಿಗಿಂತ ಒಂದು ಸ್ಥಾಯಿ ಕೆಳಗೆ. ಎಲ್ಲಕ್ಕಿಂತ ದಪ್ಪನೆಯ ತಂತಿ ಸೆಕೆಂಡಿಗೆ ಸುಮಾರು ೪೧ ಸಲ ಮಾತ್ರ ಕಂಪಿಸುತ್ತದೆ. ಹಾಡಿನಲ್ಲಿ ಇದರ ಕೆಲಸ ಕಟ್ಟಡಕ್ಕೆ ಅಡಿಪಾಯವಿದ್ದ ಹಾಗೆ. ಇದ್ದಾಗ ಗಮನಕ್ಕೆ ಬಾರದು, ತೆಗೆದರೆ ಹಾಡೇ ಕುಸಿದಂತಾಗುತ್ತದೆ. ಶಂಕರ್ ನಾಗ್ ಅವರ ೧೯೮೧ರ 'ಗೀತಾ' ಚಿತ್ರಕ್ಕೆ ಇಳಯರಾಜಾ ಕೊಟ್ಟ ಸಂಗೀತವನ್ನು ಒಮ್ಮೆ ಗಾಯನದ ಕಡೆಗೆ ಗಮನ ಕೊಡದೆ, ಅದರ ಕೆಳಗೆ ನಡೆಯುವ ದಪ್ಪ ದನಿಯನ್ನೇ ಹಿಂಬಾಲಿಸಿ ಕೇಳಿದರೆ ನಮ್ಮ ಮಾತಿನ ಅರ್ಥ ತಿಳಿದೀತು.

ಹಿಂದೆ ಈ ಕೆಲಸವನ್ನು ಮಾಡುತ್ತಿದ್ದುದು ಆಳೆತ್ತರದ ಡಬಲ್ ಬೇಸ್. ಅದನ್ನು ಊರಿಂದೂರಿಗೆ ಹೊತ್ತೊಯ್ಯುವುದೇ ಒಂದು ಶಿಕ್ಷೆ. ತಾಳವಾದ್ಯ, ತುತ್ತೂರಿಗಳ ನಡುವೆ ಅದರ ದನಿ ಕೇಳಿಸುತ್ತಲೂ ಇರಲಿಲ್ಲ. ೧೯೩೦ರ ದಶಕದಲ್ಲಿ ಅಮೆರಿಕದ ಸಿಯಾಟಲ್ ನಗರದ ಪಾಲ್ ಟಟ್‌ಮಾರ್ಕ್ ಎಂಬುವರು ವಿದ್ಯುತ್ತಿನ ಬೇಸ್ ಒಂದನ್ನು ಮಾಡಿದರಾದರೂ ಅದು ಪ್ರಚಾರಕ್ಕೆ ಬರಲಿಲ್ಲ. ಲೋಕದ ಕೈಗೆ ಈ ವಾದ್ಯವನ್ನು ಕೊಟ್ಟವರು ಕ್ಯಾಲಿಫೋರ್ನಿಯದ ಫುಲರ್ಟನ್ ಊರಿನ ಲಿಯೋ ಫೆಂಡರ್. ಅವರ 'ಪ್ರಿಸಿಷನ್ ಬೇಸ್' ಹೊರಬಂದದ್ದು ೧೯೫೧ರಲ್ಲಿ.

ಫೆಂಡರ್ ಸಂಗೀತಗಾರರಲ್ಲ, ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಅವರದು ರೇಡಿಯೋ ರಿಪೇರಿಯ ಅಂಗಡಿ. ನಮ್ಮ ದೃಷ್ಟಿಯಲ್ಲಿ ಮುಖ್ಯವಾದ ಸಂಗತಿ ಇದೇ. ಕೆಟ್ಟುಹೋದ ಸಾಮಾನನ್ನು ಬಿಚ್ಚಿ ಸರಿಮಾಡಿದವನಿಗೆ ಮಾತ್ರ ಬಿಚ್ಚಲು ಬಾರದ ಸಾಮಾನಿನ ಕಷ್ಟ ಗೊತ್ತು. ಪಿಟೀಲಿನಲ್ಲಿ ಕತ್ತನ್ನು ಒಡಲಿಗೆ ಅಂಟಿನಿಂದ ಕೂಡಿಸುತ್ತಾರೆ. ಫೆಂಡರ್ ತಮ್ಮ ಗಿಟಾರಿನ ಕತ್ತನ್ನು ನಾಲ್ಕು ಸ್ಕ್ರೂಗಳಿಂದ ಒಡಲಿಗೆ ಬಿಗಿದರು. ಕತ್ತು ಕೆಟ್ಟರೆ ಸ್ಕ್ರೂ ಬಿಚ್ಚಿ ಬೇರೆ ಕತ್ತು ಹಾಕಿದರಾಯಿತು. ಬಿರಡೆ, ಕುದುರೆ, ತಂತಿಯ ಕಂಪನವನ್ನು ವಿದ್ಯುತ್ತಾಗಿ ಹಿಡಿಯುವ ಪಿಕಪ್ ಎಂಬ ಅಯಸ್ಕಾಂತದ ಸುರುಳಿ, ಎಲ್ಲವನ್ನೂ ಸ್ಕ್ರೂಡ್ರೈವರಿನಿಂದ ತೆಗೆಯಬಹುದು, ಹಾಕಬಹುದು. ಅವರ ಕಂಪನಿಯೇ ಮೊದಲು ಎರಡೆರಡು ತಂತಿಗೆ ಒಂದರಂತೆ ಇದ್ದ ಕುದುರೆಯ ತುಂಡುಗಳನ್ನು ೧೯೫೭ರಲ್ಲಿ ತಂತಿಗೊಂದರಂತೆ ಮಾಡಿತು; ಗುಂಯ್‌ಗುಡುವ ಸದ್ದನ್ನು ಅಡಗಿಸುವ ಹೊಸ ಪಿಕಪ್ ಕೂರಿಸಿತು. ಅಂದರೆ ತಿದ್ದುಪಡಿ ಎಂಬುದು ಈ ವಾದ್ಯದ ಹುಟ್ಟುಗುಣ.

ಗರಗಸ ಹಿಡಿದ ಹುಡುಗ

ಅಮೆರಿಕದಲ್ಲಿ ಈ ವಾದ್ಯ ಹಬ್ಬುತ್ತಿದ್ದಾಗ ಇಂಗ್ಲೆಂಡಿನ ಹುಡುಗರಿಗೆ ಅದು ಚಿತ್ರಗಳಲ್ಲಿ ಮಾತ್ರ ಕಾಣುತ್ತಿತ್ತು. ಯುದ್ಧದಿಂದ ಬಸವಳಿದ ಬ್ರಿಟನ್ ಡಾಲರ್ ಉಳಿಸುವ ಸಲುವಾಗಿ ಅಮೆರಿಕದ ವಾದ್ಯಗಳ ಆಮದಿಗೆ ಹಾಕಿದ್ದ ನಿರ್ಬಂಧ ಸಡಿಲವಾದದ್ದು ೧೯೫೯ರಲ್ಲಿ. ಆಮೇಲೂ ಫೆಂಡರ್ ಬೇಸ್ ಬಡವರ ಮಕ್ಕಳಿಗೆ ಗಗನಕುಸುಮವೇ ಆಗಿತ್ತು. ಪರ್ಮಿಟ್ಟಿನ ಕಾಲವನ್ನು ಕಂಡ ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬಿಲ್ ವೈಮನ್ ಅವರ ಕಥೆ ಬರುವುದು ಇಲ್ಲಿ. ೧೯೩೬ರಲ್ಲಿ ಲಂಡನ್ನಿನ ಲೂಯಿಷಮ್‌ನಲ್ಲಿ ಗಾರೆಕೆಲಸದವರ ಮಗನಾಗಿ ಹುಟ್ಟಿದ ಇವರು ೧೯೬೧ರಲ್ಲಿ ಎಂಟು ಪೌಂಡಿಗೆ ಡಲ್ಲಾಸ್ ಟಕ್ಸೀಡೋ ಎಂಬ ಹಳೆಯ ಬೇಸ್ ಗಿಟಾರೊಂದನ್ನು ಕೊಂಡರು. ಅಂದಿನ ಒಬ್ಬ ಸಾಮಾನ್ಯ ಕಾರ್ಮಿಕನ ಒಂದು ವಾರದ ಸಂಬಳಕ್ಕಿಂತಲೂ ಅದು ಕಡಿಮೆ. ವಾದ್ಯವೂ ಬೆಲೆಗೆ ತಕ್ಕಂತೆಯೇ ಇತ್ತು. ಒಡಲು ದೊಡ್ಡದು; ಮೆಟ್ಟಿಲುಗಳು ಸವೆದು ತಂತಿ ಗಲಗಲ ಎನ್ನುತ್ತಿತ್ತು.

ವೈಮನ್ ಅದನ್ನು ಮಾರಲಿಲ್ಲ, ಮೂಲೆಗೂ ಎಸೆಯಲಿಲ್ಲ. ಒಡಲಿನ ಮೇಲೆ ತಮಗೆ ಬೇಕಾದ ಆಕಾರವನ್ನು ಬರೆದು, ಹೆಚ್ಚಾದ ಮರವನ್ನು ಕೊಯ್ದು ತೆಗೆದರು. ಬೇರೆ ಪಿಕಪ್ ಕೂರಿಸಿದರು. ಹೊಸ ಮೆಟ್ಟಿಲು ಹಾಕಿಸುವ ಉದ್ದೇಶದಿಂದ ಹಳೆಯ ಮೆಟ್ಟಿಲುಗಳನ್ನು ಕಿತ್ತರು. ಕಿತ್ತಮೇಲೆ ನುಡಿಸಿ ನೋಡಿದರೆ ದನಿ ಹಿಂದೆಂದಿಗಿಂತ ಚೆನ್ನಾಗಿತ್ತು! ಹೊಸ ಮೆಟ್ಟಿಲು ಹಾಕುವ ಯೋಚನೆಯನ್ನೇ ಅವರು ಬಿಟ್ಟರು. ಮೆಟ್ಟಿಲಿಲ್ಲದ ಬೇಸ್ ಗಿಟಾರುಗಳಲ್ಲಿ ಇದನ್ನೇ ಮೊದಲನೆಯದೆಂದು ಹಲವರು ಎಣಿಸುತ್ತಾರೆ. ಫೆಂಡರ್ ಕಂಪನಿ ಅಂಥದನ್ನು ಮಾರಾಟಕ್ಕೆ ತಂದದ್ದು ೧೯೭೦ರಲ್ಲಿ.

೧೯೬೨ರ ಡಿಸೆಂಬರಿನಲ್ಲಿ ವೈಮನ್ ರೋಲಿಂಗ್ ಸ್ಟೋನ್ಸ್ ತಂಡವನ್ನು ಸೇರಿದರು. ಮೂವತ್ತು ವರ್ಷ ಅಲ್ಲಿದ್ದರು. ಲೋಕಪ್ರಸಿದ್ಧವಾದ ಆ ತಂಡದ ಧ್ವನಿಮುದ್ರಣಗಳಲ್ಲಿ ಈ ಎಂಟು ಪೌಂಡಿನ ವಾದ್ಯದ ದನಿಯೂ ಉಳಿದುಕೊಂಡಿದೆ.

ಊರು ಬಿಟ್ಟು ಬಂದವರ ಕೈಕೆಲಸ

ಅದೇ ೧೯೬೧ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಪಾಲ್ ಮೆಕಾರ್ಟ್ನಿ ಸುಮಾರು ಮೂವತ್ತು ಪೌಂಡಿಗೆ ಪಿಟೀಲಿನ ಆಕಾರದ ಹಾಫ್ನರ್ ಬೇಸ್ ಒಂದನ್ನು ಕೊಂಡರು. ಬೀಟಲ್ಸ್ ತಂಡಕ್ಕೆ ಬೇಸ್ ನುಡಿಸುವವರು ಬೇಕಾಗಿತ್ತು. ಫೆಂಡರ್ ಕೊಳ್ಳುವ ಶಕ್ತಿ ಇರಲಿಲ್ಲ. ಎರಡೂ ಬದಿ ಒಂದೇ ತೆರನಾಗಿದ್ದ ಈ ವಾದ್ಯವನ್ನು ಎಡಗೈಯವರಾದ ತಾವು ತಿರುಗಿಸಿ ಹಿಡಿದರೂ ವಿಕಾರವಾಗಿ ಕಾಣದು ಎಂಬುದೂ ಅವರ ಲೆಕ್ಕಾಚಾರದಲ್ಲಿತ್ತು.

ಆ ವಾದ್ಯದ ಹಿಂದೆ ನಮ್ಮಂಥ ಹೊರನಾಡಿಗರ ಮನಸ್ಸನ್ನು ಮುಟ್ಟುವ ಒಂದು ಕಥೆಯಿದೆ. ಹಾಫ್ನರ್ ಮನೆತನದವರು ೧೮೮೭ರಿಂದ ಶ್ಯೋನ್‌ಬಾಕ್ ಎಂಬ ಊರಿನಲ್ಲಿ ಪಿಟೀಲು ಮಾಡುತ್ತಿದ್ದವರು. ಎರಡನೆಯ ಮಹಾಯುದ್ಧದ ನಂತರ ಚೆಕೊಸ್ಲೊವಾಕಿಯ ಅಲ್ಲಿದ್ದ ಜರ್ಮನ್ ಭಾಷಿಕರನ್ನು ಹೊರಹಾಕಿತು. ಊರು ಕಳೆದುಕೊಂಡ ಆ ಪಿಟೀಲು ಕುಶಲಕರ್ಮಿಗಳಿಗಾಗಿ ಬವೇರಿಯದ ಬುಬೆನ್‌ರಾಯ್ಟ್ ಎಂಬ ಹಳ್ಳಿಯಲ್ಲಿ ೧೯೪೯ರಿಂದ ಹೊಸ ಬಡಾವಣೆ ಎದ್ದಿತು. ಊರು ಹೋಯಿತು, ಕಸುಬು ಉಳಿಯಿತು. ಪಿಟೀಲಿನ ಒಡಲಿಗೆ ವಿದ್ಯುತ್ತಿನ ಪಿಕಪ್ ಸೇರಿಸಿ ಅವರು ಹೊಸ ಕಾಲಕ್ಕೆ ಹೊಂದಿಕೊಂಡರು. ಹೊಟ್ಟೆಪಾಡಿಗಾಗಿ ಹುಟ್ಟಿದ ಈ ಬೇಸ್ ಬೀಟಲ್ಸ್ ಕೀರ್ತಿಯೊಂದಿಗೆ ಜಗತ್ತನ್ನೇ ಸುತ್ತಿತು. ಮೆಕಾರ್ಟ್ನಿ ಅವರ ಆ ಮೊದಲ ಹಾಫ್ನರ್ ೧೯೭೨ರಲ್ಲಿ ಲಂಡನ್ನಿನಲ್ಲಿ ವ್ಯಾನಿನಿಂದ ಕಳುವಾಯಿತು. ಅರ್ಧ ಶತಮಾನ ಕಳೆದ ಮೇಲೆ ಅದು ಸಿಕ್ಕಿ ಅವರ ಕೈ ಸೇರಿದ ಸುದ್ದಿ ೨೦೨೪ರ ಫೆಬ್ರವರಿಯಲ್ಲಿ ಪ್ರಕಟವಾಯಿತು.

ದೋಣಿಯ ಬಣ್ಣ, ಹಳೆಯ ತಂತಿ

ಅಮೆರಿಕದ ಫ್ಲಾರಿಡದಲ್ಲಿ ಬೆಳೆದ ಜಾಕೋ ಪಾಸ್ಟೋರಿಯಸ್ ಅವರದು ಮತ್ತೊಂದು ಬಗೆ. ಬಳಸಿದ ಹಳೆಯ ಫೆಂಡರ್ ಬೇಸ್ ಅವರ ವಾದ್ಯ. ಮೆಟ್ಟಿಲು ತೆಗೆದ ಸಂದುಗಳನ್ನು ಮರದ ಲಪ್ಪದಿಂದ ತುಂಬಿ, ಮೇಲೆ ದೋಣಿಗಳಿಗೆ ಬಳಿಯುವ ಎಪಾಕ್ಸಿಯನ್ನು ಹಲವು ಪದರ ಬಳಿದರು. ಒರಟು ಸುತ್ತಿನ ತಂತಿಗಳು ಬರಿಯ ಮರವನ್ನು ತಿಂದುಹಾಕುತ್ತವೆ. ಆ ಗಡಸು ಲೇಪ ಮರವನ್ನೂ ಕಾಯಿತು, ದನಿಗೆ ಹಾಡುಗಾರಿಕೆಯ ಗುಣವನ್ನೂ ತಂದಿತು. ವೀಣೆಗೂ ಮೆಟ್ಟಿಲಿಲ್ಲದ ಗೋಟುವಾದ್ಯಕ್ಕೂ ಇರುವ ಅಂತರವನ್ನು ಬಲ್ಲ ನಮ್ಮವರಿಗೆ ಇದು ಬೇಗ ಅರ್ಥವಾಗುತ್ತದೆ. ಸ್ವರದಿಂದ ಸ್ವರಕ್ಕೆ ಜಾರುವ ದಾರಿ ತೆರೆಯಿತು. ೧೯೭೬ರಲ್ಲಿ ಬಂದ ಅವರ ಮೊದಲ ಆಲ್ಬಮ್ ಬೇಸ್ ನುಡಿಸುವವರ ಕಣ್ಣು ತೆರೆಸಿತು.

ಆದರೆ ಬದಲಾಯಿಸುವುದೇ ಸುಧಾರಣೆ ಎಂದು ಯಾರೂ ತಿಳಿಯಬಾರದು. ಜೇಮ್ಸ್ ಜೇಮರ್ಸನ್ ೧೯೫೪ರಲ್ಲಿ ದಕ್ಷಿಣದ ತಮ್ಮ ಊರನ್ನು ಬಿಟ್ಟು ಡೆಟ್ರಾಯ್ಟಿಗೆ ಬಂದ ಕರಿಯ ಜನಾಂಗದ ಯುವಕ. ಮೋಟೌನ್ ಕಂಪನಿಯ ಅಸಂಖ್ಯ ಜನಪ್ರಿಯ ಹಾಡುಗಳ ಅಡಿಪಾಯ ಹಾಕಿದವರು ಅವರು. ೧೯೬೨ರ ಪ್ರಿಸಿಷನ್ ಬೇಸ್ ಒಂದನ್ನೇ ಬಹುಕಾಲ ನುಡಿಸಿದರು. ತಂತಿಗಳನ್ನು ಬದಲಾಯಿಸುವ ಗೊಡವೆಗೆ ಅವರು ಹೋಗುತ್ತಿರಲಿಲ್ಲ. ಕುದುರೆಯ ಬಳಿ ತಂತಿಗೆ ಒಂದು ತುಂಡು ಸ್ಪಂಜು ಒತ್ತಿಟ್ಟಿರುತ್ತಿತ್ತು. ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದರು. ಅವರ ಸುಧಾರಣೆಯೆಲ್ಲ ಬೆರಳಿನಲ್ಲಿ ನಡೆದದ್ದು. ಇಷ್ಟಾಗಿ, ಆ ಕಂಪನಿಯ ರೆಕಾರ್ಡಿನ ಹೊದಿಕೆಯ ಮೇಲೆ ಅವರಂಥ ವಾದಕರ ಹೆಸರು ಬರಲು ೧೯೭೧ರವರೆಗೆ ಕಾಯಬೇಕಾಯಿತು. ಅಡಿಪಾಯಕ್ಕೆ ಬಿದ್ದ ಕಲ್ಲಿನ ಗತಿ ಎಲ್ಲ ಕಡೆಯೂ ಒಂದೇ.

ನಮ್ಮ ಮನೆಗಳಿಗೆ ಇದರಿಂದೇನು?

ಇಂದು ಅಗ್ಗದ ಬೇಸ್ ಗಿಟಾರುಗಳು ಬಹುಮಟ್ಟಿಗೆ ಚೀನ, ಇಂಡೊನೇಷ್ಯಗಳಿಂದ ಬರುತ್ತವೆ. ಗಣಕದ ಅಂಕೆಯಲ್ಲಿ ನಡೆಯುವ ಯಂತ್ರಗಳು ಮರವನ್ನು ಕೊಯ್ಯುವುದರಿಂದ ವೈಮನ್ ಕೊಂಡಂಥ ಕೆಟ್ಟ ವಾದ್ಯ ಈಗ ಅಪರೂಪ. ಬೆಲೆ ಇಳಿಯುವುದು ಕೊನೆಯ ಹದ ಮಾಡುವ ಕೈಕೆಲಸವನ್ನು ಕಡಿತ ಮಾಡುವುದರಿಂದ. ಆ ಉಳಿದ ಕೆಲಸವನ್ನು ನಾವು ಮನೆಯಲ್ಲೇ ಮಾಡಿಕೊಳ್ಳಬಹುದು.

ಕೊಳ್ಳುವಾಗ ಕತ್ತನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೆ ನೋಡಬೇಕು. ಸ್ವಲ್ಪ ಬಾಗಿದ್ದರೆ ಚಿಂತೆಯಿಲ್ಲ. ಹಗ್ಗದಂತೆ ತಿರುಚಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಪ್ರತಿ ತಂತಿಯನ್ನೂ ಪ್ರತಿ ಮೆಟ್ಟಿಲಲ್ಲಿ ಒತ್ತಿ ನುಡಿಸಿ, ದನಿ ಸಾಯುವ ಜಾಗವಿದೆಯೇ ಎಂದು ಕೇಳಬೇಕು. ಇಷ್ಟು ಸರಿಯಿದ್ದರೆ ಉಳಿದದ್ದನ್ನು ತಿದ್ದಬಹುದು.

ತಂದ ಮೇಲೆ ಮೊದಲು ಖರ್ಚಿಲ್ಲದ ಕೆಲಸ. ಕತ್ತಿನೊಳಗೆ ಒಂದು ಉಕ್ಕಿನ ಸರಳಿರುತ್ತದೆ. ತಂತಿಗಳ ಎಳೆತಕ್ಕೆ ಕತ್ತು ಬಾಗದಂತೆ ಅದು ತಡೆಯುತ್ತದೆ. ಮುಂಬಯಿ, ಚೆನ್ನೈಗಳ ತೇವದ ಹವೆಯಲ್ಲಿ ಮರ ಅಲುಗಾಡುವುದು ಸಹಜ. ಆಗ ಆ ಸರಳಿನ ತಿರುಪನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಬಲವಂತ ಮಾಡದೆ, ಒಂದು ದಿನ ಬಿಟ್ಟು ನೋಡಬೇಕು. ಆಮೇಲೆ ಕುದುರೆಯ ಎತ್ತರವನ್ನು ಬೆರಳಿಗೆ ನೋವಾಗದಷ್ಟು ಇಳಿಸಬೇಕು. ಹನ್ನೆರಡನೆಯ ಮೆಟ್ಟಿಲಲ್ಲಿ ಒತ್ತಿದ ಸ್ವರ, ಬಿಟ್ಟ ತಂತಿಯ ಮೇಲಿನ ಸ್ಥಾಯಿಗೆ ಸರಿಯಾಗಿ ಕೂಡಬೇಕು; ಅದಕ್ಕಿಂತ ಏರಿದ್ದರೆ ಕುದುರೆಯ ತುಂಡನ್ನು ಸ್ವಲ್ಪ ಹಿಂದಕ್ಕೆ ಸರಿಸಬೇಕು. ಮೆಟ್ಟಿಲುಗಳ ಚೂಪಾದ ತುದಿಗಳನ್ನು ಸಣ್ಣ ಅರದಿಂದ ಉಜ್ಜಬೇಕು.

ಖರ್ಚು ಮಾಡುವುದಾದರೆ ಮೊದಲು ಒಳ್ಳೆಯ ತಂತಿ. ಶ್ರುತಿ ನಿಲ್ಲದಿದ್ದರೆ ಬಿರಡೆ. ಪಿಕಪ್ಪಿನ ಸರದಿ ಎಲ್ಲಕ್ಕಿಂತ ಕಡೆಗೆ, ಕಲಿಯುವವರ ಕಿವಿ ಅದರ ಕೊರತೆಯನ್ನು ತಾನೇ ಗುರುತಿಸಿದ ಮೇಲೆ. ಒಂದು ವರ್ಷ ಎಡೆಬಿಡದೆ ನುಡಿಸಿದ ಮಕ್ಕಳು ಅದನ್ನು ಕೇಳಿದರೆ ಕೊಡಿಸಬೇಕು ಎಂಬುದು ನಮ್ಮ ಸಲಹೆ. ಒಟ್ಟು ಖರ್ಚು ವಾದ್ಯದ ಬೆಲೆಯನ್ನು ಮೀರುವ ಹಂತ ಬಂದಾಗ ನಿಲ್ಲಿಸಿ ಯೋಚಿಸುವುದು ವಿವೇಕ.

ಈ ಕೆಲಸಗಳಿಗೆ ತಂದೆಯೋ ತಾಯಿಯೋ ಮಕ್ಕಳ ಜೊತೆ ಕುಳಿತರೆ ಲಾಭ ಇಮ್ಮಡಿ. ಸ್ಕ್ರೂ ಬಿಗಿಯುತ್ತ ಕಲಿತದ್ದು ಸಂಗೀತದ ಜೊತೆಗೇ ಉಳಿಯುತ್ತದೆ. ತಾನೇ ಸರಿಪಡಿಸಿದ ವಾದ್ಯವನ್ನು ಮೂಲೆಗೆ ಎಸೆಯಲು ಯಾವ ಹುಡುಗನಿಗೂ ಹುಡುಗಿಗೂ ಮನಸ್ಸು ಬಾರದು. ಗಾದೆಯನ್ನು ಬಿಡುವುದು ಬೇಡ. ನೆಲ ಡೊಂಕೆಂದು ಮಕ್ಕಳು ಹೇಳಿದಾಗ ಮಾತ್ರ ನಾವು ಒಮ್ಮೆ ಬಗ್ಗಿ ನೋಡೋಣ. ಡೊಂಕು ನಿಜವಾಗಿದ್ದರೆ, ಅವರ ಕೈಗೆ ಒಂದು ಸ್ಕ್ರೂಡ್ರೈವರ್ ಕೊಡೋಣ.