ಗೋಡೆಗೆ ಹಬ್ಬಿದ ಗುಲಾಬಿ: ‘ಟ್ರೆಲಿಸ್’ ವಾಲ್‌ಪೇಪರ್

ವಿನ್ಯಾಸ: ವಿಲಿಯಂ ಮಾರಿಸ್, 1862
ಮರದ ಅಚ್ಚಿನಿಂದ ಕಾಗದದ ಮೇಲೆ ಕೈಮುದ್ರಣ

ಲಂಡನ್ ಬಳಿಯ ತಮ್ಮ ಮನೆ ‘ರೆಡ್ ಹೌಸ್’ನ ತೋಟದಲ್ಲಿ ಗುಲಾಬಿಗೆ ಹಾಕಿದ್ದ ಹಂದರವನ್ನೇ ಮಾರಿಸ್ ಗೋಡೆಗೆ ತಂದರು. ಇದು ಅವರ ಮೊದಲ ವಾಲ್‌ಪೇಪರ್ ವಿನ್ಯಾಸ. ಹತ್ತಿರದಿಂದ ನೋಡಿ: ಮರದ ಪಟ್ಟಿಗಳ ಚೌಕ, ಅದನ್ನು ಸುತ್ತಿ ಏರುವ ಮುಳ್ಳುಬಳ್ಳಿ, ನಡುನಡುವೆ ಹಕ್ಕಿಗಳು. ಹಕ್ಕಿ ಬಿಡಿಸುವುದರಲ್ಲಿ ಮಾರಿಸ್‌ಗೆ ತಮ್ಮ ಕೈಮೇಲೆ ನಂಬಿಕೆ ಇರಲಿಲ್ಲ. ಅವನ್ನು ಬರೆದುಕೊಟ್ಟವರು ಆ ಮನೆಯನ್ನು ವಿನ್ಯಾಸಗೊಳಿಸಿದ ವಾಸ್ತುಶಿಲ್ಪಿ ಫಿಲಿಪ್ ವೆಬ್. ಒಂದೊಂದು ಬಣ್ಣಕ್ಕೂ ಬೇರೆ ಅಚ್ಚು. ಒಂದು ಒಣಗಿದ ಮೇಲೆಯೇ ಇನ್ನೊಂದು.

ಕಣ್ಣಿಗೆ ತಂಪೆನಿಸುವ ಎಲೆಗಳ ಹಸಿರು ಮಾತ್ರ ಅಷ್ಟು ಸಾಧುವಲ್ಲ. ಇದರ ಹಳೆಯ ಮಾದರಿಯೊಂದನ್ನು ಪರೀಕ್ಷಿಸಿದಾಗ ಹಸಿರು ಬಣ್ಣದಲ್ಲಿ ತಾಮ್ರ ಮತ್ತು ಆರ್ಸೆನಿಕ್ ಸಿಕ್ಕಿವೆ. ವಾಲ್‌ಪೇಪರಿನಿಂದ ವಿಷವೇರುತ್ತದೆಂಬ ಮಾತನ್ನು ಮಾರಿಸ್ ನಂಬಲೇ ಇಲ್ಲ. ಆರ್ಸೆನಿಕ್ ತೆಗೆಯುತ್ತಿದ್ದ ಗಣಿ ಕಂಪನಿಯೊಂದಕ್ಕೆ ಅವರೇ ಕೆಲಕಾಲ ನಿರ್ದೇಶಕರಾಗಿದ್ದರು.